ಹಗ್ಗ ಯಾರ ಕೈಯಲ್ಲಿತ್ತು

ಹತ್ತನೇ ಬಿ ವಿಭಾಗದ ನಲವತ್ತೊಂದು ನೋಟುಬುಕ್ಕು
ಹಟ್ಟಿಯ ಈ ಬಾಡಿಗೆ ಕೋಣೆಯ ಮಂಚದ ಮೇಲೆ.
ಎರಡನೇ ಪಾಳಿಯ ಸೈರನ್ನು ಕೂಗಿ ಆಯಿತು.
ಅಂಗಳದಲ್ಲಿ ಸೈಕಲ್ಲು ಒರಗಿಸಿದ ಸದ್ದು,
ಮನೆಮಾಲಕರ ಬೂಟು ಹೊಸ್ತಿಲಾಚೆ ಒಂದು, ಎರಡು.

ಕಥೆ ಮೂರೇ ಪುಟದ್ದು.
ಹಿತ್ತಾಳೆ ಕೊಡ ಮಾರಿಬಂದ ಹುಡುಗಿ
ಅಪ್ಪನಿಗೆ ಹೇಳುತ್ತಾಳೆ: ಬಾವಿಗೆ ಬಿತ್ತು.
ಅಪ್ಪ ಮರುಮಾತಿಲ್ಲದೆ ಅಂಗಿ ಕಳಚುತ್ತಾನೆ,
ಇಳಿಯುತ್ತಾನೆ, ಮೂರು ದಿನ.
ಮೇಲೆ ಬಂದಾಗ ಮೊಣಕೈತನಕ ಕೆಸರು, ಅಷ್ಟೇ.
ನಾಲ್ಕನೆಯ ದಿನದ ಬಗ್ಗೆ ಕಥೆ ಏನೂ ಹೇಳುವುದಿಲ್ಲ.

ಹನ್ನೆರಡು ವರ್ಷದಿಂದ ಪಾಠ ಮಾಡಿದ್ದೇನೆ ಇದನ್ನು.
ಈ ಸಲ ಹಲಗೆಯ ಮೇಲೆ ಪ್ರಶ್ನೆ ಬರೆಯಲಿಲ್ಲ.
ಸಾರಾಂಶ ಬೇಡ, ಅಂದೆ, ಕಥೆ ನನಗೂ ಗೊತ್ತು.
ಓದುವಾಗ ನಿಮ್ಮ ಬೆರಳು ಎಲ್ಲಿ ನಿಂತಿತು
ಅಷ್ಟು ಬರೆಯಿರಿ.
ಮೊದಲ ಬೆಂಚು ಗಾಬರಿಯಾಯಿತು:
"ಎಷ್ಟು ಸಾಲು ಬರೀಬೇಕ್ರಿ ಮೇಡಂ?"

ಇಲ್ಲಿಯತನಕ ಇಪ್ಪತ್ತಮೂರು ಮಂದಿ ಸಾರಾಂಶವನ್ನೇ ಬರೆದಿದ್ದಾರೆ,
ಪಕ್ಕದವರ ಕಾಗುಣಿತದ ತಪ್ಪಿನ ಸಮೇತ.
ಶಾಹೀನ್ ಕೇಳಿದ್ದಾಳೆ: ಕೊಡ ಎಷ್ಟಕ್ಕೆ ಹೋಯಿತು?
ನಮ್ಮ ಓಣಿಯಲ್ಲಾದರೆ ಕಿಲೋಕ್ಕೆ ಇಷ್ಟು, ತೂತಿದ್ದರೆ ಕಮ್ಮಿ.
ಗುಣಿಸಿ, ಕಳೆದು, ಕೆಳಗೆ ಗೆರೆ ಎಳೆದು:
ಇಷ್ಟರಲ್ಲಿ ಬಳೆ ಬರುತ್ತವೆ, ದೂರದ ಬಸ್ಸಿನ ಚಾರ್ಜು ಬರುವುದಿಲ್ಲ.
ಅಂದರೆ ಅವಳು ಓಡಿಹೋಗುವವಳಲ್ಲ.
ಕೆಂಪು ಪೆನ್ನು ಕೆಳಗಿಟ್ಟೆ.

ಒಮ್ಮೆ ತರಗತಿಯಲ್ಲಿ ಜಂಬದಿಂದ ಹೇಳಿದ್ದೆ:
ಓದುವುದೆಂದರೆ ನಮ್ಮೂರ ಗಣಿಯ ಹಾಗೆ,
ಬಂಡೆ ಅರೆದು ಅರೆದು ಚಿಟಿಕೆ ಚಿನ್ನ.
ಹಿಂದಿನ ಸಾಲಿನಿಂದ ಮೌನೇಶ:
"ಉಳಿದ ಪುಡಿ ನಮ್ಮ ಮನಿ ಹಿಂದ ಗುಡ್ಡ ಆಗೇತ್ರಿ ಮೇಡಂ.
ಗಾಳಿ ಬಿಟ್ರ ರೊಟ್ಟಿ ಮ್ಯಾಲೂ ಅದ."
ಆ ಹೋಲಿಕೆ ಮತ್ತೆ ಬಾಯಿಗೆ ಬಂದಿಲ್ಲ.

ಆದಪ್ಪನದು ಒಂದೇ ಸಾಲು. ನೀತಿ: ಸುಳ್ಳು ಹೇಳಬಾರದು.
ಸರಿ ಗುರುತು ಹಾಕಿ ಪುಟ ತಿರುವಿದವಳು
ಹಿಂದಕ್ಕೆ ಬಂದೆ. ಕೆಳಗೆ ರಬ್ಬರು ಉಜ್ಜಿದ ಮಬ್ಬು;
ದೀಪಕ್ಕೆ ಓರೆ ಹಿಡಿದರೆ ಕಾಣುತ್ತದೆ:
ನಾನಾಗಿದ್ದರೂ ಹೇಳುತ್ತಿದ್ದೆ.
ಅಳಿಸಿದ್ದಕ್ಕೆ ಅಂಕ ಕೊಡುವುದು ಹೇಗೆ?

ಮೂವತ್ತಮೂರನೆಯದು ಗದ್ದೆಮ್ಮನದು.
ರಟ್ಟಿಗೆ ಸಿಮೆಂಟು ಚೀಲದ ಹಾಳೆ,
ಒತ್ತಿ ಬರೆದ ಅಕ್ಷರ ಮುಂದಿನ ಪುಟಕ್ಕೂ ಇಳಿದಿದೆ:

"ಬಾವಿಗೆ ಇಳಿಯುವವನಿಗೆ ಮೇಲೆ ಒಬ್ಬರು ಬೇಕು.
ಮನೆಯಲ್ಲಿ ಇಬ್ಬರೇ ಅಂತ ಮೊದಲನೇ ಪುಟದಲ್ಲಿ ಇದೆ.
ಹಗ್ಗ ಯಾರು ಹಿಡಿದಿದ್ದರು ಅಂತ ಎಲ್ಲೂ ಇಲ್ಲ.
ಅವಳೇ ಹಿಡಿದಿದ್ದಳು.
ಕೊಡ ಅಲ್ಲಿಲ್ಲ ಅಂತ ಗೊತ್ತಿದ್ದೂ ಬಿಡಲಿಲ್ಲ, ಮೂರು ದಿನ.
ಅಂಗೈ ಸುಲಿದಿರಬೇಕು.
ನಮ್ಮಪ್ಪ ದಿನಾ ಇಳಿಯುತ್ತಾನೆ. ಆ ಹಗ್ಗ ಕಂಪನಿಯದು,
ನನ್ನ ಕೈಗೆ ಸಿಗುವುದಿಲ್ಲ.
ಅದಕ್ಕೇ ಇಲ್ಲಿ ನಿಂತೆ."

ಪಠ್ಯ ತೆರೆದು ನೋಡಿದೆ. ಹೌದು, ಇಬ್ಬರೇ.
ಹನ್ನೆರಡು ವರ್ಷ ನಾನು ಬಾವಿಯೊಳಕ್ಕೇ ಬಗ್ಗಿ ನೋಡಿದ್ದೆ,
ಬೆನ್ನ ಹಿಂದೆ ಒಬ್ಬಳು ಕಾಲೂರಿ ನಿಂತಿದ್ದಳು.

ಅಂಚಿನಲ್ಲಿ 'ಚೆನ್ನಾಗಿದೆ' ಎಂದು ಬರೆದೆ. ಹೊಡೆದುಹಾಕಿದೆ.
ಪೆನ್ಸಿಲ್ಲಿನಲ್ಲಿ ಬರೆದೆ: ನಾಲ್ಕನೆಯ ದಿನ?
ಕೆಳಗೆ ಅರ್ಧ ಪುಟ ಅವಳಿಗೆ ಬಿಟ್ಟೆ.

ಹೊರಗೆ ಯಾರೋ ಬೂಟು ಒಳಕ್ಕೆ ಎತ್ತಿಟ್ಟರು.
ಇನ್ನೂ ಎಂಟು ಉಳಿದಿವೆ.
ಆ ಇಪ್ಪತ್ತಮೂರನ್ನೂ ಮತ್ತೆ ತೆರೆಯಬೇಕು,
ದೀಪಕ್ಕೆ ಓರೆ ಹಿಡಿದು.