ಚೆಕ್ಕುಬಂದಿ

ಇಪ್ಪತ್ತೆರಡು ವರ್ಷ
ತಾಲ್ಲೂಕು ಕಚೇರಿಯ ಎದುರು, ಮಡಚುವ ಮೇಜಿನ ಹಿಂದೆ
ಕೂತು ನಾನು ಬರೆದದ್ದು ಒಂದೇ ವಾಕ್ಯ:
ಪೂರ್ವಕ್ಕೆ ಇಂಥವರ ಕಾಫಿ ತೋಟ, ಪಶ್ಚಿಮಕ್ಕೆ ಸರ್ಕಾರಿ ಓಣಿ,
ಉತ್ತರಕ್ಕೆ ತೋಡು, ದಕ್ಷಿಣಕ್ಕೆ ಜಮ್ಮಾ ಬಾಣೆ,
ಈ ಮಧ್ಯೆ ಇರುವ ಸ್ವತ್ತು.

ಅದಕ್ಕೂ ಮೊದಲು ಪದ್ಯ ಬರೆಯುತ್ತಿದ್ದೆ,
ಎರಡು ನೋಟ್‌ಬುಕ್ಕು ತುಂಬ.
ಒಂದು ಈಗ ಮಿಕ್ಸಿಯ ಕೆಳಗಿದೆ, ಅಲುಗಾಡದಿರಲೆಂದು.
ಇನ್ನೊಂದು ಎಲ್ಲಿದೆಯೋ.
ಯಾರ ತಪ್ಪೂ ಅಲ್ಲ.
ಪೆನ್ನು ಹಿಡಿದರೆ ಸಾಕು, ಮೊದಲ ಪದ 'ಸದರಿ' ಅಂತ ಬರುತ್ತಿತ್ತು.
ಸದರಿ ಚಂದ್ರ. ಸದರಿ ಪ್ರೀತಿ.
ನಕ್ಕು ಮುಚ್ಚಿಟ್ಟೆ.

ತಂಗಿಯ ಮಗಳು ದೇಚಮ್ಮ ಹೊಸ ಫೋನು ಕೊಂಡು
ಹಳೆಯದನ್ನು ನನಗೆ ದಾಟಿಸಿದಳು,
ಮೂಲೆಯಲ್ಲಿ ಗಾಜು ಬಿರಿದದ್ದು.
"ಸುಮ್ಮನೆ ನಡಿ ಬಲ್ಯವ್ವ, ಕಂಡದ್ದು ಹೊಡಿ.
ಚೆನ್ನಾಗಿ ಬರಲೇಬೇಕು ಅಂತ ಕಾನೂನಿಲ್ಲ."
ಕಾನೂನಿಲ್ಲ ಅಂದದ್ದು ಹಿಡಿಸಿತು.

ಭಾನುವಾರ ಏಳು ಗಂಟೆಗೆ ವಿರಾಜಪೇಟೆ
ಇನ್ನೂ ಮುಖ ತೊಳೆದಿರುವುದಿಲ್ಲ.
ಗಡಿಯಾರ ಕಂಬದ ಬುಡದಲ್ಲಿ ಮೊದಲನೆಯದು ಹೊಡೆದೆ,
ಬಂದದ್ದು ನನ್ನ ಹೆಬ್ಬೆರಳು.
ಆಮೇಲೆ ತಂತಿಗಳು, ಬರೀ ತಂತಿಗಳು.
ಮೀನುಪೇಟೆಯಲ್ಲಿ ಮೊಯ್ದು ಐಸು ಒಡೆಯುತ್ತಿದ್ದ.
"ಏನ್ ಪತ್ರದಕ್ಕ, ಅಳತೆಯಾ?
ನನ್ನ ಅಂಗಡಿ ರಸ್ತೆಗೆ ಹೋಗ್ತದಾ?"
ಇಲ್ಲಪ್ಪಾ, ಐಸು, ಅಂದೆ.
ಅವನು ನಂಬಲಿಲ್ಲ. ಮತ್ತೆ ಸುತ್ತಿಗೆ ಎತ್ತಿದ.
ಒಂದು ಚೂರು ಹಾರಿ ಬಿಸಿಲಲ್ಲಿ ನಿಂತದ್ದು, ಕಣ್ಣು ಮಿಟುಕುವಷ್ಟು ಹೊತ್ತು,
ಫೋಟೋದಲ್ಲಿಲ್ಲ.
ನನ್ನಲ್ಲಿತ್ತು,
ತೆಲುಗರ ಬೀದಿ ದಾಟುವ ತನಕ.

ಹೀಗೇ ನಾಲ್ಕು ಭಾನುವಾರ.
ಮುಚ್ಚಿದ ಶಟರಿನ ಮುಂದೆ ಚೆಲ್ಲಿದ ಮೆಣಸುಕಾಳು, ಅದನ್ನು ಕೆದಕಿ
ಬೇಸರಪಟ್ಟು ಹೋದ ಕೋಳಿ.
ದರ್ಜಿಯ ಗಾಜಿನೊಳಗೆ ಒಂದೇ ತೋಳಿನ ಬಿಳಿ ಕುಪ್ಯ,
ಮದುಮಗ ಇನ್ನೊಂದು ತೋಳಿಗೆ ಕಾಯುತ್ತಿರಬೇಕು ಎಲ್ಲೋ.
ಹೆಚ್ಚಿನವು ಮಸುಕು. ಅಳಿಸಲಿಲ್ಲ.

ಐದನೆಯ ಭಾನುವಾರ ಒಂದು ಮನೆಯ ಮುಂದೆ ನಿಂತುಬಿಟ್ಟೆ.
ಇದನ್ನು ಬರೆದದ್ದು ನಾನೇ. ಹನ್ನೆರಡು ಸೆಂಟು,
ಹೆಂಚಿನ ಮಾಡು, ಬಾವಿಯಲ್ಲಿ ಅರ್ಧ ಹಕ್ಕು.
ಕಿಟಕಿ ನೀಲಿ ಅಂತ ಬರೆದಿರಲಿಲ್ಲ.
ಆ ನೀಲಿಯೊಳಗೆ ಒಬ್ಬ ಮುದುಕಿ
ಬೆರಳಲ್ಲಿ ಹಲ್ಲುಜ್ಜುತ್ತಾ
ನನ್ನನ್ನು ನೋಡುತ್ತಾಳೆ ಅಂತಲೂ ಬರೆದಿರಲಿಲ್ಲ.
ತೆಗೆಯಲಾ ಅಂತ ಫೋನು ಎತ್ತಿ ತೋರಿಸಿದೆ.
ಉಗುಳಿ, ಸೆರಗು ಸರಿಮಾಡಿಕೊಂಡು,
ಮತ್ತೆ ಉಜ್ಜತೊಡಗಿದಳು.

ಪೂರ್ವಕ್ಕೆ ಅವಳ ಮೊಣಕೈ,
ಪಶ್ಚಿಮಕ್ಕೆ ಯಾರದೋ ಸ್ಕೂಟರಿನ ಅರ್ಧ ಕನ್ನಡಿ,
ಉತ್ತರಕ್ಕೆ ತಂತಿ, ತಂತಿಯ ಮೇಲೆ ಪಿಕಳಾರ,
ದಕ್ಷಿಣಕ್ಕೆ ನನ್ನ ನೆರಳಿನ ತಲೆ (ಕತ್ತರಿಸಬೇಕಿತ್ತು, ಬಿಟ್ಟೆ),
ಈ ಮಧ್ಯೆ ಇರುವ

ಮನೆಗೆ ಬಂದು ಮಿಕ್ಸಿ ಸರಿಸಿದೆ.
ನೋಟ್‌ಬುಕ್ಕಿನ ರಟ್ಟಿನ ಮೇಲೆ ನಾಲ್ಕು ಮೂಲೆಗೆ
ನಾಲ್ಕು ದುಂಡು ಗುರುತು, ಗಡಿಕಲ್ಲು ಕಿತ್ತ ಹಾಗೆ.
ಒಳಗಿನ ಪದ್ಯಗಳಿಗೆ ಚಟ್ನಿಯ ವಾಸನೆ.
ಹಿಂದಿನ ಖಾಲಿ ಹಾಳೆ ಹುಡುಕಿ ಪೆನ್ನು ಇಟ್ಟೆ.
ಬಂದದ್ದು ಅದೇ ಪದ.
ಹೊಡೆದುಹಾಕಲಿಲ್ಲ ಈ ಸಲ.
ಸದರಿ ಕಿಟಕಿ, ಅಂತ ಬರೆದೆ,
ನೀಲಿ.