ಕರಿ ಎಣ್ಣೆಯ ಬುಗುರಿ

ಆಲ್ಕೊಳ ಸರ್ಕಲ್ಲಿನ ನನ್ನ ವೈಂಡಿಂಗ್ ಅಂಗಡಿಗೆ
ಸುಟ್ಟ ಪಂಪು ಹೊತ್ತು ಬರುತ್ತಾರೆ ಜನ.
ಕಾಲೇಜಿನ ವಾರಿಜ ಮೇಡಂ ತಂದದ್ದು
ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದು ಹಿಡಿ ಕತ್ತಲೆ.

"ದಾದಾಪೀರ್, ಇದು ಎಣ್ಣೆ. ಒಳಗೆ ಕಬ್ಬಿಣ,
ಕಣ್ಣಿಗೆ ಕಾಣದಷ್ಟು ಸಣ್ಣದು, ತಳಕ್ಕಿಳಿಯುವುದಿಲ್ಲ."
ಸ್ಪೀಕರಿನ ಹಳೇ ಮ್ಯಾಗ್ನೆಟ್ ಪಕ್ಕಕ್ಕೆ ಹಿಡಿದೆ:
ಕತ್ತಲೆಗೆ ಹಲಸಿನ ಮುಳ್ಳು ಎದ್ದವು.

ಅವರಿಗೆ ಬೇಕಾದದ್ದು ಬುಗುರಿ.
ಅಚ್ಚಿಲ್ಲದ, ಬೇರಿಂಗಿಲ್ಲದ, ಸವೆಯದ ಬುಗುರಿ;
ಹಡಗು ಹೊರಳಿದರೂ ತಾನು ಹಿಡಿದ ದಿಕ್ಕು ಬಿಡದ್ದು.
ಬೇರಿಂಗೇ ಇಲ್ಲದಿದ್ದರೆ ನಮ್ಮಂಥವರು ಏನು ತಿನ್ನಬೇಕು
ಅಂದೆ. ನಕ್ಕರು. ಚಹಾ ತರಿಸಿದೆ.

ಹೊಳಲೂರಿಂದ ಬಂದ ತ್ರೀ ಫೇಸ್ ಮೋಟಾರು ಬಿಚ್ಚಿ
ರೋಟರ್ ಆಚೆಗಿಟ್ಟೆ. ಖಾಲಿ ಹೊಟ್ಟೆಯೊಳಗೆ ಗಾಜಿನ ಲೋಟ.
ಡಿಮ್ಮರ್ ಇಷ್ಟಿಷ್ಟೇ ತಿರುವಿದೆ,
ಹೆಚ್ಚಾದರೆ ಕಾಯಿಲು ಹೊಗೆಯಾಗಿ ಹೋಗುತ್ತದೆ.
ಮೂವತ್ತೊಂದು ವರ್ಷ ಸುತ್ತಿದ್ದೇನೆ ತಾಮ್ರದ ತಂತಿ,
ಅದರ ನಡುವೆ ಸುತ್ತುವ ಆ ಕಾಣದ್ದನ್ನು
ಅವತ್ತೇ ನೋಡಿದ್ದು:
ತೇಲಿಬಿಟ್ಟ ಥರ್ಮಾಕೋಲಿನ ಚೂರು
ಮೆಲ್ಲಗೆ ಹೊರಟಿತು,
ಉಲ್ಟಾ.

ಫೀಲ್ಡು ಬಲಕ್ಕೆ, ಎಣ್ಣೆ ಎಡಕ್ಕೆ.
ಎರಡು ವೈರು ಅದಲುಬದಲು ಮಾಡಿದೆ.
ಫೀಲ್ಡು ಎಡಕ್ಕೆ, ಎಣ್ಣೆ ಬಲಕ್ಕೆ.
ನನ್ನ ಎರಡನೇ ಮಗಳ ಹಾಗೆ, ಅಂದೆ.
"ಮೇಲೆ ಮಾತ್ರ ಹಾಗೆ," ಅಂದರು ಮೇಡಂ ಬರೆದುಕೊಳ್ಳುತ್ತ,
"ಒಳಗಿನದು ಬೇರೆ."
ಮಗಳ ವಿಷಯದಲ್ಲೂ ಇರಬಹುದು.

ಕಡೆಗೆ ಪರೀಕ್ಷೆ. ಪಕ್ಕದ ಕಟಿಂಗ್ ಶಾಪಿನ
ರಾಚಣ್ಣನ ತಿರುಗುವ ಕುರ್ಚಿಯ ಮೇಲೆ
ಮೋಟಾರು ಅಡ್ಡ ಮಲಗಿಸಿ,
ಒಳಗೆ ದಾರದಲ್ಲಿ ತೂಗುವ ಸೀಸೆ, ಸೀಸೆಯ ಮೂತಿಗೆ ಪೊರಕೆಕಡ್ಡಿ.
ಕುರ್ಚಿ ತಿರುಗಿದರೆ ಕಡ್ಡಿಯ ತುದಿ ಏಳಬೇಕು.
ಅರ್ಧ ಗಡ್ಡದ ಗಿರಾಕಿ ಎದ್ದು ನಿಂತು ನೋಡಿದ.

ಎಷ್ಟು ಎದ್ದಿತು?
ಒಂದು ಕೂದಲೆಳೆ, ಅಂದ ರಾಚಣ್ಣ.
ಕೂದಲ ಲೆಕ್ಕ ಅವನಿಗೇ ಬಿಡಬೇಕು.
ಆದರೆ ಅದೇ ಹೊತ್ತಿಗೆ ಸಾಗರದ ಬಸ್ಸು ಹೋಯಿತು, ನೆಲ ನಡುಗಿತು;
ಮೇಡಂ ಅದನ್ನೂ ಬರೆದುಕೊಂಡರು.

ಮತ್ತೆ ಲೋಟಕ್ಕೆ ಸುರಿದು ನೋಡುತ್ತಿದ್ದೆವು, ಕರೆಂಟು ಹೋಯಿತು.
ಪಂಪಿನ ರೋಟರಾದರೆ ಆಮೇಲೂ ಒಂದಷ್ಟು ಹೊತ್ತು
ಗುಂಯ್ ಅನ್ನುತ್ತಿರುತ್ತದೆ.
ಎಣ್ಣೆ, ನಾನು "ಅರೆ" ಅನ್ನುವುದರೊಳಗೆ ನಿಂತಿತ್ತು,
ಏನೂ ನಡೆದೇ ಇಲ್ಲವೆಂಬಂತೆ.

ಬೆರಳಿಗೆ ಹತ್ತಿದ್ದು ಸೋಪಿಗೂ ಸೀಮೆಎಣ್ಣೆಗೂ ಹೋಗಲಿಲ್ಲ.
ರಾತ್ರಿ ಊಟಕ್ಕೆ ಕೂತಾಗ ಉಗುರಿನ ಸುತ್ತ ಕಪ್ಪು ಗೆರೆ.
ಮ್ಯಾಗ್ನೆಟ್ ತಂದು ಹಿಡಿದೆ. ಏಳಲಿಲ್ಲ.

ಬುಧವಾರ ಬರುತ್ತಾರಂತೆ, ಇನ್ನೂ ತೆಳ್ಳಗಿನದು ಮಾಡಿಕೊಂಡು.
ಹೊಳಲೂರಿನವರಿಗೆ ಫೋನು ಮಾಡಿ ಹೇಳಿದ್ದೇನೆ,
ಮೋಟಾರು ಇನ್ನೊಂದು ವಾರ.