ಹತ್ತು ರೊಟ್ಟಿ ಹೊತ್ತು

ಡಬ್ಬಿ ಮ್ಯಾಲ ಬರದದ: ಮೂವತ್ತು ಡಿಗ್ರಿ ಒಳಗೇ ಇಡಬೇಕು.
ವಾಡಿಯೊಳಗ, ಮೇ ತಿಂಗಳ, ಮೂವತ್ತು ಡಿಗ್ರಿ
ಎಲ್ಲಿಂದ ತರಲಿ ನಾನು?
ಸಿಮೆಂಟಿನ ಧೂಳು ಕುಂತ ಪತ್ರಾಸಿನ ಕೆಳಗ
ಬೆಳಿಗ್ಗಿ ಹತ್ತಕ್ಕೇ ತಂಬಗಿ ಮುಟ್ಟಿದರ ಬೆರಳು ಚುರ್ ಅಂತದ.
ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಜಾಗ:
ನೀರಿನ ಗಡಿಗಿ ಹಿಂದ, ಹಸಿ ಉಸುಕಿನ ಮ್ಯಾಲ.
ಅಲ್ಲೊಂದು ಕಪ್ಪಿ ಮೊದಲಿಂದ ಕುಂತದ,
ಸರ್ಕಾರದ ಡಿಗ್ರಿ ಅದಕ್ಕ ಯಾರೂ ಹೇಳಿಲ್ಲ.

ಐದು ಡಬ್ಬಿ ಕೊಟ್ಟಿದ್ರು ಮೀಟಿಂಗಿನಾಗ.
ಸೂಜಿ ಬ್ಯಾಡ, ರಕ್ತ ಬ್ಯಾಡ,
ಒಸಡಿನ ಮ್ಯಾಲ ಒಮ್ಮಿ ಒರಸು, ಸೀಸದಾಗ ಅದ್ದು,
ಇಪ್ಪತ್ತು ನಿಮಿಷ ಕೂಡು.
ನಲವತ್ತು ದಾಟಿದ ಮ್ಯಾಲ ನೋಡಬ್ಯಾಡ, ಸುಳ್ಳು ಹೇಳ್ತದ.
ತನ್ನ ಮನ್ಯಾಗ, ತನ್ನ ಕದ ಹಾಕ್ಕೊಂಡು, ತಾನೇ ನೋಡಬೇಕು ಅಂದ್ರು.
ಕದ ಅಂದಾಗ ಹಿಂದಿನ ಸಾಲಿನಾಗ ಯಾರೋ ನಕ್ಕರು.
ನಮ್ಮ ಕಲ್ಲಿನ ಗಣಿ ಓಣ್ಯಾಗ
ಕದ ಅಂದ್ರ ಸಿಮೆಂಟ್ ಚೀಲದ ಪರದಾ.
ಏಡ್ಸ್ ಅಂತ ಅಲ್ಲಿ ಯಾರೂ ಅನ್ನಲ್ಲ. ‘ಅದು’ ಅಂತಾರ.

ಜಗದೇವಿ ಬಂದದ್ದು ಕತ್ತಲಾದ ಮ್ಯಾಲ,
ಹೆಪ್ಪಿಗಿ ಮಜ್ಜಿಗಿ ಕೇಳಾಕ ಬಂದಂಗ, ಬಟ್ಟಲ ಹಿಡಕೊಂಡು.
ಹೊಳ್ಳಿ ಹೋಗುವಾಗ ಬಟ್ಟಲದಾಗ ಮಜ್ಜಿಗಿ ಇತ್ತು,
ಸೆರಗಿನಾಗ ಡಬ್ಬಿ.
ಯಾಕ ಅಂತ ನಾ ಕೇಳಲಿಲ್ಲ.
ಗಂಡನ ಲಾರಿ ಪರಸಿ ಹೇರ್ಕೊಂಡು ಹೋದರ
ಹನ್ನೆರಡು ದಿನಕ್ಕ ಬರ್ತದ.
ಅವನ ಜ್ವರ ಅದಕ್ಕಿಂತ ಲಗೂನ ಬರ್ತದ.

“ಇಪ್ಪತ್ತು ನಿಮಿಷ ಹ್ಯಾಂಗ ಎಣಸಲಿ ಯಕ್ಕಾ?
ಮೊಬೈಲ್ ಅವನ ಬಲ್ಲಿ ಅದ.”
ರೊಟ್ಟಿ ಬಡಿ, ಅಂದೆ. ಎರಡು ನಿಮಿಷಕ್ಕೊಂದು.
ಹತ್ತನೇದು ಹಂಚಿನಿಂದ ಇಳಿಸಿ ನೋಡು.
ಇಪ್ಪತ್ತು ದಾಟಿಸಬ್ಯಾಡ.

ನಮ್ಮ ಕಟ್ಟಿ ಮ್ಯಾಲ ಕುಂತು ಎಣಸಿದೆ,
ಕಲ್ಲಿನ ಮ್ಯಾಲ ಅವಳ ಅಂಗೈ ಬೀಳೋ ಸಪ್ಪಳ.
ಒಂದು, ಎರಡು, ಮೂರು, ಸಮ.
ನಾಲ್ಕು ಜೋರಾತು.
ಆರಕ್ಕ ಸೊಲ್ಲಾಪುರ ಗಾಡಿ ಜಂಕ್ಷನ್ನಿಗಿ ಬಂದು
ಊರಿನ ಸಪ್ಪಳ ಎಲ್ಲಾ ನುಂಗಿತು.
ಎಂಟೋ ಒಂಬತ್ತೋ ತಿಳೀಲಿಲ್ಲ.
ಹತ್ತು.
ಕೈ ನಿಲ್ಲಲಿಲ್ಲ.
ಹನ್ನೊಂದು. ಹನ್ನೆರಡು. ಹದಿಮೂರು.
ಮನ್ಯಾಗ ಉಣ್ಣೋರು ಮೂರೇ ಮಂದಿ.
ಹದಿನೇಳಕ್ಕ ನಾ ಎದ್ದೆ.

ರೊಟ್ಟಿ ಗುಡ್ಡಿ ಆಗಿ ಕುಂತಿದ್ದವು ಬುಟ್ಟ್ಯಾಗ.
ಆ ವಸ್ತು ಮ್ಯಾಲ ಬಟ್ಟಲ ಬೋರಲ ಹಾಕಿದ್ದಳು,
ಚೇಳು ಮುಚ್ಚಿದಂಗ.
“ನೀ ನೋಡು.”
ನಂದಲ್ಲವ್ವಾ, ಅಂದೆ.
ಹಿಟ್ಟಿನ ಕೈ ಸೀರಿಗಿ ಒರಸ್ಕೊಂಡು ಬಟ್ಟಲ ಎತ್ತಿದಳು,
ಬಲ್ಬಿನ ಬಲ್ಲಿ ಹಿಡದಳು.
ಒಂದು ಕೆಂಪು ಗೆರಿ, ದುಂಡಗ, ಖಾತ್ರಿ.
ಅದರ ಕೆಳಗ…
ಮೀಟಿಂಗಿನಾಗ ಮೂರು ಸಲ ಹೇಳಿದ್ರು:
ಮಸುಕು ಗೆರಿನೂ ಗೆರಿನೇ.
ಆ ಮಾತು ನನ್ನ ನಾಲಿಗಿ ಮ್ಯಾಲ ಒಣಗಿತು.
ಅವಳು ಉಗುರು ಹಚ್ಚಿದಳು,
ಗಣ್ಯಾಗ ಪರಸಿ ಎಬ್ಬಿಸೋ ಮುಂಚೆ ಹಚ್ಚಿ ನೋಡ್ತಾಳಲ್ಲ, ಹಂಗೇ.
“ಕೂದಲೆಳಿ ಅದ ಯಕ್ಕಾ,” ಅಂದಳು.
“ಕೂದಲೆಳಿ ಬಿರುಕಿದ್ರ ಮುಕಡ್ದಮ ಆ ಕಲ್ಲಿಗಿ ರೊಕ್ಕ ಕೊಡಲ್ಲ.”

ಆಮೇಲೆ ನಾ ಏನೇನೋ ಹೇಳಿದೆ.
ಇದು ಮೊದಲನೇ ಮಾತು ಅಷ್ಟೇ,
ಚಿತ್ತಾಪುರ ದವಾಖಾನ್ಯಾಗ ಮತ್ತ ರಕ್ತ ತೆಗೆದು ನೋಡ್ತಾರ,
ಗುಳಿಗಿ ಪುಕಟ, ದಿನಾ ತಿಂದ್ರ ಮುದುಕಿ ಆಗೋತನ ಇರ್ತಿ,
ಬಸ್ಸಿಗಿ ನಾನೂ ಬರ್ತೀನಿ.
ಸಾಲ್ಯಾಗ ಮಗ್ಗಿ ಒಪ್ಪಿಸಿದಂಗ ಒಪ್ಪಿಸಿದೆ.
ಅವಳು ಕೇಳಿದಳೋ ಇಲ್ಲೋ.
ಹಂಚಿನ ಮ್ಯಾಲಿನ ಹದಿನೇಳನೇದು ಹೊತ್ತಿ ವಾಸನಿ ಬಂತು,
ಎದ್ದು ಹೊಳ್ಳಿ ಹಾಕಿದಳು.

“ಇನ್ನೊಂದು ಡಬ್ಬಿ ಅದನೇನು?”
ಯಾರಿಗಿ?
“ಆ ಮನುಷ್ಯಾಗ. ನಾಡಿದ್ದು ಬರ್ತಾನ.”
ಅವನಿಗಿ ರೊಟ್ಟಿ ಬಡಿಯಾಕ ಬರಲ್ಲಲ್ಲ, ಹೊತ್ತು ಹ್ಯಾಂಗ ಎಣಸ್ತಾನ?
ಎಂಥಾ ಮಾತು ಬಂತು ನನ್ನ ಬಾಯಾಗ!
“ನಾ ಬಡೀತೀನಿ,” ಅಂದಳು. “ಅವ ಕೂಡ್ಲಿ.
ಒಮ್ಮಿಯರೆ ಹತ್ತು ರೊಟ್ಟಿ ಆಗೋತನ ನನ್ನ ಮುಂದ ಕೂಡ್ಲಿ.”

ಏಳು ರೊಟ್ಟಿ ಅರಬಿಯಾಗ ಕಟ್ಟಿ ನನಗ ಕೊಟ್ಟಳು.
ಮನಿಗಿ ಬಂದು ಗಡಿಗಿ ಹಿಂದ ಕೈ ಹಾಕಿದೆ.
ಉಸುಕು ಥಂಡಗಿತ್ತು.
ಕಪ್ಪಿ ಒಂದಿಷ್ಟು ಸರದು ಜಾಗ ಬಿಡ್ತು.